ಅಲ್ಲಾಡಿಸದ ಕಾಯಿ

ಅವರೆಕಾಯಿಯನ್ನು ಸುಲಿದಿಟ್ಟಿದ್ದೇನೆ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮೊನ್ನೆ ಸೊಸೆ ಹೀಗೆಯೇ ಅಂದಳು. ಪಾಪ, ಒಳ್ಳೆಯ ಹುಡುಗಿ. ಬೆಳಿಗ್ಗೆಯಿಂದ ಒಂದು ಚೀಲ ಅವರೆಕಾಯಿ ಮುಂದಿಟ್ಟುಕೊಂಡು ಕೂತಿದ್ದಳು. ನಾನು ಸುಮ್ಮನೆ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ.

"ಸುಲಿಯಾಕೆ ಅದೇನು ಕುರಿಯೇನಮ್ಮ? ಅವರೆಕಾಯಿ ಬಿಡಿಸ್ಬೇಕು," ಎಂದುಬಿಟ್ಟೆ.

ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಮಾತು ನನ್ನದಲ್ಲ. ಅದು ದೊಡ್ಡವ್ವನದು, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿಯದು. ಹುಟ್ಟಿದ ಮೇಲೆ ನಾನು ಎಲ್ಲರಿಗಿಂತ ಹೆಚ್ಚು ನಂಬಿದ್ದು ಅವಳನ್ನು. ಎಲ್ಲರಿಗಿಂತ ಹೆಚ್ಚು ದ್ವೇಷ ಮಾಡಿದ್ದೂ ಅವಳನ್ನೇ. ಅವಳು ಸತ್ತು ಎಷ್ಟೋ ವರ್ಷವಾಯಿತು, ಅದಕ್ಕೂ ಮುಂಚೆಯೇ ನಾನು ಅವಳ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದೆ. ಏನು ಬಂತು? ಅಡಿಗೆಮನೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಅವಳ ಮಾತೇ ಹೊರಗೆ ಬೀಳುತ್ತದೆ.

ನೊಣವಿನಕೆರೆಯಲ್ಲಿ ಬಸ್ಸಿಳಿದು ತೋಟಗಳ ನಡುವೆ ಅರ್ಧ ಗಂಟೆ ನಡೆದರೆ ನಮ್ಮೂರು. ನಮ್ಮದು ಉದ್ದನೆಯ ಮನೆ. ಮುಂದೆ ಜಗುಲಿ, ದಾಟಿದರೆ ಪಡಸಾಲೆ, ನಡುಮನೆ, ನಡುಮನೆಗೆ ಅಂಟಿಕೊಂಡು ಅಡಿಗೆಮನೆ, ಹಿಂದೆ ದನದ ಕೊಟ್ಟಿಗೆ, ಹಿತ್ತಲು. ನಡುಮನೆಯ ಮೇಲೆ ಮನೆಯ ಅಗಲಕ್ಕೂ ಅಟ್ಟ. ಬೇರೆ ಸೀಮೆಯವರು ಅಟ್ಟವೆಂದರೆ ಮುರಿದ ತೊಟ್ಟಿಲು, ತೂತು ಬಿದ್ದ ಕೊಡ ಎಸೆಯುವ ಜಾಗ ಎಂದುಕೊಳ್ಳುತ್ತಾರೆ. ನಮ್ಮ ಕಡೆ ಹಾಗಲ್ಲ. ನಮ್ಮ ಕಡೆ ಮನೆ ಕಟ್ಟುವುದೇ ಅಟ್ಟಕ್ಕಾಗಿ, ಕೆಳಗೆ ಉಳಿದ ಜಾಗದಲ್ಲಿ ಮನುಷ್ಯರು ಹೇಗೋ ಬದುಕಿಕೊಳ್ಳಬೇಕು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಹೆಚ್ಚುಕಮ್ಮಿ ಒಂದು ವರ್ಷ ಅದು ಅಲ್ಲೇ ಕೂತಿರುತ್ತದೆ. ಕೆಳಗಿನಿಂದ ಒಲೆಯ ಹೊಗೆ, ಮೇಲಿನಿಂದ ಹೆಂಚಿನ ಕಾವು. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆ ಉಂಡೆಯೇ ಕೊಬ್ಬರಿ ಗಿಟುಕು. ಬಿರುಕಿಲ್ಲದ ಇಡೀ ಗಿಟುಕು ಕೈಗೆ ಬಂದರೆ ಆ ವರ್ಷ ಗೆದ್ದಂತೆ. ನಮ್ಮ ಬಟ್ಟೆ, ಹಬ್ಬ, ಮದುವೆ, ಔಷಧಿ ಎಲ್ಲವೂ ಅಟ್ಟದ ಮೇಲೇ ಕೂತಿರುತ್ತಿದ್ದವು. ಏನಾದರೂ ಬೇಕೆಂದು ಅತ್ತರೆ ಅವ್ವ ಮೇಲೆ ಕೈ ತೋರಿಸುತ್ತಿದ್ದಳು. ನಾನು ಎಷ್ಟೋ ದಿನ ದೇವರು ಅಲ್ಲೇ ಮೇಲೆ ಕಾಯಿಗಳ ಮಧ್ಯೆ ಮಲಗಿರುತ್ತಾನೆ ಎಂದುಕೊಂಡಿದ್ದೆ.

ಆ ಅಟ್ಟದ ಯಜಮಾನಿ ದೊಡ್ಡವ್ವ. ಮನೆಯಲ್ಲಿ ಇದ್ದವರು ದೊಡ್ಡಪ್ಪ, ದೊಡ್ಡವ್ವ, ಅಪ್ಪ, ಅವ್ವ, ನಾನು, ಇನ್ನೂ ತೊಟ್ಟಿಲಲ್ಲಿದ್ದ ನನ್ನ ತಮ್ಮ. ದೊಡ್ಡವ್ವನ ಒಬ್ಬನೇ ಮಗ ಮಹೇಶಣ್ಣ ತಿಪಟೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ, ಹಬ್ಬಕ್ಕೆ ಮಾತ್ರ ಬರುತ್ತಿದ್ದ. ಹೆಣ್ಣು ಮಗು ಇಲ್ಲದ ದೊಡ್ಡವ್ವ ನನ್ನನ್ನು ಸೊಂಟದಿಂದ ಇಳಿಸಿದ್ದೇ ಇಲ್ಲ. ಅವ್ವನಿಗೆ ಕೊಟ್ಟಿಗೆ, ತೋಟ, ನೀರು, ಕೂಸು ಎಂದು ಹಗಲೆಲ್ಲ ಕೆಲಸ. ನಾನು ಉಂಡದ್ದು, ಮಲಗಿದ್ದು, ತಲೆ ಬಾಚಿಸಿಕೊಂಡದ್ದು ಎಲ್ಲ ದೊಡ್ಡವ್ವನ ಹತ್ತಿರವೇ. ನೆಂಟರು ಬಂದರೆ, "ಇದು ನನ್ನ ಮಗಳು ಕಣ್ರೀ, ಅವಳು ಹೆತ್ತಿದ್ದು ಅಷ್ಟೇ," ಎಂದು ಅವ್ವನ ಕಡೆ ಗದ್ದ ಎತ್ತಿ ತೋರಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು. ಅವ್ವನ ನಗು ಸ್ವಲ್ಪ ತಡವಾಗಿ ಬರುತ್ತಿತ್ತು ಎನ್ನುವುದು ಆಗ ನನಗೆ ಕಾಣಲಿಲ್ಲ.

ದೊಡ್ಡವ್ವನ ಪಾಠಶಾಲೆ ಅಡಿಗೆಮನೆಯ ಹೊಸ್ತಿಲು. ಮೊರ ಮುಂದಿಟ್ಟುಕೊಂಡು ಅವಳು ಕೂತರೆ ನಾನು ಅವಳ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದೆ. ಸಿಪ್ಪೆಯೊಳಗೆ ಇರುವ ಒಂದೊಂದಕ್ಕೂ ಅವಳಲ್ಲಿ ಒಂದೊಂದು ಮಾತಿತ್ತು, ಒಂದು ಜಾಗದಲ್ಲಿ ಇನ್ನೊಂದು ಆಡಿದರೆ ತಲೆಯ ಮೇಲೆ ಮೊಟಕು ಬೀಳುತ್ತಿತ್ತು. ತೆಂಗಿನಕಾಯಿ ಸುಲಿಯಬೇಕು. ಚಿಪ್ಪು ಒಡೆಯಬೇಕು. ಅವರೆಕಾಯಿ ಬಿಡಿಸಬೇಕು, ಆಮೇಲೆ ಕಾಳನ್ನು ನೆನೆಹಾಕಿ ಹಿತುಕಬೇಕು. ಭತ್ತ ಕುಟ್ಟಬೇಕು. ಸಂಕ್ರಾಂತಿಯ ಎಳ್ಳನ್ನು ನೆನೆಸಿ ಗೋಣಿತಾಟಿನ ಮೇಲೆ ಉಜ್ಜಬೇಕು. ಹುಣಸೆಹಣ್ಣನ್ನು ಬಡಿಯಬೇಕು. ಹುರುಳಿಯನ್ನು ದನದ ಕಾಲಲ್ಲಿ ತುಳಿಸಬೇಕು. ಬೆಳ್ಳುಳ್ಳಿ ಬಿಡಿಸಬೇಕು, ಈರುಳ್ಳಿ ಸುಲಿಯಬೇಕು. ಯಾಕೆ ಹೀಗೆ ಎಂದು ಕೇಳಿದರೆ ಅವಳಿಗೆ ಖುಷಿ.

"ಒಂದೊಂದರ ಮೈ ಒಂದೊಂದು ತರ ಕಣೇ ಮಂಗ್ಳಿ. ಭತ್ತಕ್ಕೆ ಏಟು ಬಿದ್ರೂ ತಡ್ಕತದೆ, ಅವರೆಕಾಳು ತಡ್ಕತದಾ? ನೆನೆಹಾಕಿ, ಮೆತ್ತಗೆ ಮಾಡ್ಕಂಡು, ಎರಡು ಬೆರಳಲ್ಲಿ ಹಿಂಗಂದ್ರೆ ಸಾಕು. ಒಳಗಿರೋದಕ್ಕೆ ಗೊತ್ತೇ ಆಗ್ಬಾರ್ದು, ಸಿಪ್ಪೆ ಕೈಗೆ ಬಂದಿರ್ಬೇಕು."

ಹೀಗೆ ಹೇಳಿ ಅವಳು ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳನ್ನು ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತಿತ್ತು. ನಾನು ಒತ್ತಿದರೆ ಗೋಡೆಗೆ ಹೋಗಿ ಬಡಿಯುತ್ತಿತ್ತು. ಆ ದಿನಗಳಲ್ಲಿ ಹಿತುಕಿದ ಬೇಳೆಯ ಸಾರು, ಬಿಸಿ ಮುದ್ದೆ, ಮೇಲೆ ಒಂದು ಚಮಚ ತುಪ್ಪ. ನನ್ನ ತಟ್ಟೆಗೆ ಬೇಳೆ ಹೆಚ್ಚು ಬರುವಂತೆ ಅವಳು ಸೌಟನ್ನು ತಳದವರೆಗೆ ಇಳಿಸುತ್ತಿದ್ದಳು. ಪ್ರೀತಿ ಸುಳ್ಳಲ್ಲ. ಅದೇ ನನಗೆ ಇವತ್ತಿಗೂ ಬಿಡಿಸಲಾಗದ್ದು. ಪ್ರೀತಿ ಸುಳ್ಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ವಿದ್ಯೆ ಅಟ್ಟದ ಮೇಲಿನದು. ಸಿಪ್ಪೆಯೊಳಗಿನ ಕಾಯಿ ಹೊರಗಿನಿಂದ ಎಲ್ಲವೂ ಒಂದೇ. ಒಳಗೆ ಏನಾಗಿದೆ ಎಂದು ತಿಳಿಯುವುದು ಕಿವಿಯಿಂದ. ಎರಡು ಕೈಯಲ್ಲಿ ಎತ್ತಿ, ಕಿವಿಗೆ ಹಿಡಿದು, ಅಲ್ಲಾಡಿಸಬೇಕು. ಹೊಸ ಕಾಯಲ್ಲಿ ನೀರು ಕುಲುಕುತ್ತದೆ. ಕೆಲವು ತಿಂಗಳು ಕಳೆದರೆ ನೀರು ಇಂಗಿ ಸದ್ದೇ ಇರುವುದಿಲ್ಲ. ಪೂರ್ತಿ ಒಣಗಿದ ಮೇಲೆ ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಅನ್ನುತ್ತದೆ. ಅದು ಒಡೆಯುವ ಕಾಲ. ಇಷ್ಟು ಎಲ್ಲರಿಗೂ ಗೊತ್ತು. ಕಷ್ಟವಿರುವುದು ಸದ್ದಿಲ್ಲದ ಕಾಯಲ್ಲಿ. ಅದು ಇನ್ನೂ ಒಣಗುತ್ತಿದೆಯೋ, ಇಲ್ಲ ಒಳಗೇ ಕೊಳೆತು ಸತ್ತಿದೆಯೋ? ಕೊಳೆತದ್ದು ಅಲ್ಲಾಡಿಸಿದರೆ ಒಂದು ಮಂಕು ಸದ್ದು ಬರುತ್ತದೆ, ಒದ್ದೆ ಬಟ್ಟೆ ನೆಲಕ್ಕೆ ಬಿದ್ದಂತೆ. ಅಷ್ಟು ಸಣ್ಣ ಸದ್ದು ದೊಡ್ಡಪ್ಪನಿಗೆ ಕೇಳುತ್ತಿರಲಿಲ್ಲ, ಅಪ್ಪನಿಗೂ ಕೇಳುತ್ತಿರಲಿಲ್ಲ. ದೊಡ್ಡವ್ವನಿಗೆ ಕೇಳುತ್ತಿತ್ತು. ಎಂಟನೇ ವಯಸ್ಸಿಗೆ ನನಗೂ ಕೇಳತೊಡಗಿತು. ಊರಲ್ಲಿ ಅಕ್ಕಪಕ್ಕದವರು ಕೂಡ ನನ್ನನ್ನು ಕರೆದುಕೊಂಡು ಹೋಗಿ ಕಾಯಿ ಕೈಗಿಟ್ಟು ಕೇಳುತ್ತಿದ್ದರು. ನಾನು ಕಣ್ಣು ಮುಚ್ಚಿ ದೊಡ್ಡ ಪಂಡಿತಳ ಹಾಗೆ ತಲೆ ಆಡಿಸುತ್ತಿದ್ದೆ. ಜಂಬ ಬಿಡಿ, ಎಷ್ಟಿತ್ತು ಎಂದರೆ ಶಾಲೆಯಲ್ಲಿ ಮೇಷ್ಟ್ರ ಬಳಪದ ಡಬ್ಬಿಯನ್ನೂ ಅಲ್ಲಾಡಿಸಿ ಎಷ್ಟಿವೆ ಎಂದು ಹೇಳಲು ಹೋಗಿ ಏಟು ತಿಂದಿದ್ದೆ.

ಮನೆ ಒಡೆದದ್ದು ಎರಡು ಗಿಟುಕಿಗೆ. ಅವ್ವನ ತಮ್ಮ ಅರಳಗುಪ್ಪೆಯಿಂದ ಬಂದಿದ್ದಾಗ ಅವ್ವ ಎರಡು ಗಿಟುಕನ್ನು ಟವಲಿನಲ್ಲಿ ಕಟ್ಟಿಕೊಟ್ಟಳು. ದೊಡ್ಡವ್ವ ಜಗುಲಿಯ ಮೇಲೆ ನಿಂತು, ಅವನು ಬೀದಿ ದಾಟುವ ಮೊದಲೇ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ನಿಂತ್ಕಳಪ್ಪ, ಅಟ್ಟದ ಏಣಿನೂ ತಗಂಡೋಗು. ಮತ್ತೆ ಮತ್ತೆ ಬರೋ ತಾಪತ್ರಯ ತಪ್ತದೆ!"

ಮಾವ ಟವಲನ್ನು ಜಗುಲಿಯ ಮೇಲಿಟ್ಟು ಹೊರಟುಹೋದ. ಅವ್ವ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದಳು. ಅಪ್ಪ ಬಾಯಿಲ್ಲದ ಮನುಷ್ಯ, ಅಣ್ಣನ ಎದುರು ತಲೆಯೆತ್ತಿ ನಿಂತವನಲ್ಲ. ಆದರೂ ಹೆಂಡತಿಯ ಒಲೆಯ ಹೊಗೆ ನೋಡಿ ಅವನೇ ಹೋಗಿ, ಅಣ್ಣಯ್ಯ, ಪಾಲು ಮಾಡಿಬುಡು ಎಂದ. ತೋಟ ಸಲೀಸಾಗಿ ಹಂಚಿಹೋಯಿತು. ಮನೆಯ ಮುಂದಿನ ಭಾಗ ದೊಡ್ಡಪ್ಪನಿಗೆ, ಕೊಟ್ಟಿಗೆಯ ಭಾಗ ನಮಗೆ. ಕೊಟ್ಟಿಗೆಗೆ ಗೋಡೆ ಇತ್ತು, ಮೇಲೆ ಸರಿಯಾದ ಸೂರಿರಲಿಲ್ಲ. ತೆಂಗಿನ ಗರಿ ಹೊದೆಸಿತ್ತು. ಅಟ್ಟದ ಮೇಲಿದ್ದ ವರ್ಷದ ಕಾಯಿಯಲ್ಲಿ ಅರ್ಧ ನಮ್ಮದು. ಆ ಅರ್ಧದಿಂದ ಮಳೆಗಾಲಕ್ಕೆ ಮುಂಚೆ ತೊಲೆ, ಹೆಂಚು ಹಾಕಿಸಬೇಕು ಎಂದು ಅವ್ವ ಲೆಕ್ಕ ಹಾಕಿದ್ದಳು. ಕೂಸಿಗೆ ಎದೆ ಕಟ್ಟುವ ಕಾಯಿಲೆ ಇತ್ತು, ಮಳೆಗಾಲವನ್ನು ಗರಿಯ ಕೆಳಗೆ ಕಳೆಯಲು ಅವಳಿಗೆ ಧೈರ್ಯವಿರಲಿಲ್ಲ.

ಕಾಯಿ ಹಂಚುವುದಕ್ಕೆ ನಮ್ಮೂರಲ್ಲಿ ಒಂದು ಕ್ರಮವಿತ್ತು. ದೊಡ್ಡವನು ಎರಡು ಗುಡ್ಡೆ ಹಾಕಬೇಕು. ಚಿಕ್ಕವನ ಕಡೆಯ ಮಗುವೊಂದು ಬಂದು ಒಂದು ಗುಡ್ಡೆಯ ಮೇಲೆ ಹೂವಿಡಬೇಕು. ಹೂವಿಟ್ಟದ್ದು ಚಿಕ್ಕವನಿಗೆ, ಉಳಿದದ್ದು ದೊಡ್ಡವನಿಗೆ. ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ಕೆಮ್ಮುವ ಹಾಗಿಲ್ಲ. ಅಣ್ಣ ಹಾಕಿದ ಗುಡ್ಡೆಯನ್ನು ತಮ್ಮ ಕೈಯಲ್ಲೆತ್ತಿ ಅಲ್ಲಾಡಿಸಿ ನೋಡಿದರೆ ಅಣ್ಣನ ಮುಖಕ್ಕೆ ಉಗಿದಂತೆ. ಮಗು ಎತ್ತಿ ಆಡಿದರೆ ಅದು ಆಟ, ಅದಕ್ಕೆ ಯಾರ ತಕರಾರೂ ಇಲ್ಲ.

ಪಾಲಿಗೆ ಮೂರು ದಿನ ಮುಂಚೆ, ಮಟಮಟ ಮಧ್ಯಾಹ್ನ, ಅವ್ವ ತೋಟಕ್ಕೆ ಹೋಗಿದ್ದಾಗ ದೊಡ್ಡವ್ವ ನನ್ನನ್ನು ಕರೆದಳು. ಒಲೆ ಬೇರೆಯಾದ ಮೇಲೂ ನಾನು ಆ ಕಡೆ ಸುಳಿದಾಡುವುದನ್ನು ಬಿಟ್ಟಿರಲಿಲ್ಲ. ಇಬ್ಬರೂ ಏಣಿ ಹತ್ತಿದೆವು. ಅಟ್ಟದ ಒಳಗೆ ಕಾವು, ಹೊಗೆಯ ಘಾಟು, ಹೆಂಚಿನ ಸಂದಿಯಿಂದ ಇಳಿದ ಬಿಸಿಲ ಕೋಲುಗಳು. ದೊಡ್ಡವ್ವ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಕಾಯಿ ಆರಿಸಣ ಬಾ ಮಗ. ಚೆನ್ನಾಗಿರೋದೆಲ್ಲ ಈ ಕಡೆ, ಮಂಕು ಸದ್ದಿಂದೆಲ್ಲ ಆ ಮೂಲೆಗೆ."

"ಯಾಕೆ ದೊಡ್ಡವ್ವ?"

"ನಿಮ್ಮವ್ವಂಗೆ ಒಳ್ಳೇದು ಹೋಗ್ಲಿ ಅಂತ. ಕೂಸು ಕೆಮ್ತದೆ, ಮನೆ ಮೇಲೆ ಹೆಂಚು ಬರ್ಬೇಡ್ವಾ? ನಮ್ಗೇನು, ಹೆಂಗೋ ಆಯ್ತದೆ. ಆದ್ರೆ ನಿಮ್ಮಪ್ಪಂಗೆ ಗೊತ್ತಾದ್ರೆ ಬ್ಯಾಡ ಅಂತಾನೆ, ನಿಮ್ಮವ್ವಂಗೆ ಗೊತ್ತಾದ್ರೆ ಭಿಕ್ಷೆ ಅಂದ್ಕೊತಾಳೆ. ಬಾಯಿ ಬಿಡಾಂಗಿಲ್ಲ."

ಕೆಳಗಿಳಿದ ಮೇಲೆ ದೇವರ ದೀಪದ ಮೇಲೆ ಕೈಯಿಡಿಸಿ ಆಣೆ ತೆಗೆದುಕೊಂಡಳು. ನಾನು ಕುಣಿದಾಡಿದೆ. ಜಗಳವಾಡಿದ ಇಬ್ಬರು ಹೆಂಗಸರಲ್ಲಿ ಒಬ್ಬಳು ಗುಟ್ಟಾಗಿ ಸೋಲುತ್ತಿದ್ದಾಳೆ, ಆ ಗುಟ್ಟು ನನ್ನ ಹತ್ತಿರ ಇದೆ! ಮೂರು ಮಧ್ಯಾಹ್ನ ಬೆವರು ಸುರಿಸಿಕೊಂಡು ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿದೆ. ಮಂಕು ಕಾಯಿಗಳು ಮುಗಿಯುವಂತೆಯೇ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಹೆಂಚು ಸರಿದು ಅಟ್ಟದ ಅರ್ಧ ಭಾಗ ನೆನೆದಿತ್ತು. ಅದು ದೊಡ್ಡವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವಳ ಕಿವಿ ಆಗಲೇ ಮಂದವಾಗುತ್ತಿತ್ತು ಎನ್ನುವುದು ನನಗೂ ಗೊತ್ತಿರಲಿಲ್ಲ. ಅಷ್ಟು ಕಾಯಿಯನ್ನು ಒಂದೂ ತಪ್ಪದೆ ಆರಿಸಲು ಅವಳಿಗೆ ನನ್ನ ಕಿವಿಯೇ ಬೇಕಿತ್ತು. ಕೊನೆಯ ದಿನ ಅವಳು ನನ್ನ ಕೆನ್ನೆ ಸವರಿ, ಬೆಲ್ಲ ಕೊಬ್ಬರಿ ಕೈಗಿಟ್ಟು ಹೇಳಿದಳು:

"ಬಾಗ್ಲು ಕಡೆ ಇರೋ ಗುಡ್ಡೆ ನಿಮ್ದು. ಮರೀಬೇಡ."

ಪಾಲಿನ ದಿನ ಬೆಳಿಗ್ಗೆ ಅವ್ವ ಹಿತ್ತಲಲ್ಲಿ ನನ್ನ ತಲೆ ಬಾಚುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳು ನನ್ನ ತಲೆ ಮುಟ್ಟಿದ್ದು. ಬಾಚಣಿಗೆ ಬಿಗಿಯಾಗಿ ಎಳೆಯುತ್ತಿದ್ದಳು.

"ಮಂಗಳ, ನಿನ್ನ ಕಿವಿ ಮೇಲೆ ಇದೆ ಕಣೇ ಎಲ್ಲ. ಹೂವಿಡೋ ಮುಂಚೆ ಎರಡು ಗುಡ್ಡೆಯಿಂದ್ಲೂ ಒಂದೆರಡು ಕಾಯಿ ಎತ್ತಿ ಅಲ್ಲಾಡ್ಸು. ಆಟ ಆಡ್ದಂಗೆ. ಯಾವುದು ಒಳ್ಳೇದೋ ಅದರ ಮೇಲೆ ಇಡು. ತಿಳೀತಾ?"

"ಹೂಂ ಅವ್ವ."

"ಅಲ್ಲಾಡ್ಸಿ ನೋಡ್ತೀಯ ತಾನೆ?"

"ಹೂಂ ಅಂದ್ನಲ್ಲ!"

ಒಳಗೊಳಗೇ ನಗು. ಅವ್ವನಿಗೆ ಏನೂ ಗೊತ್ತಿಲ್ಲ, ಪಾಪ ಎಂದುಕೊಂಡೆ. ಅಂಗಳದಲ್ಲಿ ಎರಡು ಗುಡ್ಡೆ ಎದ್ದಿದ್ದವು, ಒಂದು ಬಾಗಿಲ ಕಡೆ, ಒಂದು ಬೇವಿನ ಮರದ ಕಡೆ. ಎಣಿಕೆಗೆ ಎರಡೂ ಸಮ, ನೋಟಕ್ಕೂ ಸಮ. ಊರಿನ ಹಿರಿಯರೊಬ್ಬರು ಜಗುಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದರು. ದೊಡ್ಡಪ್ಪ ನೆಲ ನೋಡುತ್ತಿದ್ದ. ಅವ್ವ ಕೂಸನ್ನು ಎತ್ತಿಕೊಂಡು ಕೊಟ್ಟಿಗೆಯ ಕಂಬಕ್ಕೆ ಒರಗಿದ್ದಳು. ಕಣಗಲೆ ಹೂವು ನನ್ನ ಕೈಯಲ್ಲಿತ್ತು. ನಾನು ದೊಡ್ಡವ್ವನ ಮುಖ ನೋಡಿದೆ. ಅವಳು ಕಣ್ಣಲ್ಲೇ ಬಾಗಿಲ ಕಡೆ ತೋರಿಸಿದಳು. ಅವ್ವ ಹೇಳಿದ್ದು ನೆನಪಾಯಿತು, ಬಾಗಿದೆ ಕೂಡ. ಕಾಯಿ ಎತ್ತಬೇಕು, ಅಷ್ಟರಲ್ಲಿ ಅನ್ನಿಸಿತು: ಈಗ ಅಲ್ಲಾಡಿಸಿದರೆ ದೊಡ್ಡವ್ವ ಏನಂದುಕೊಂಡಾಳು? ಇಷ್ಟೆಲ್ಲ ಮಾಡಿದ ಮೇಲೂ ಇವಳಿಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂದುಕೊಳ್ಳುವುದಿಲ್ಲವೆ? ಕೈ ಹಿಂದಕ್ಕೆ ತೆಗೆದೆ. ಬಾಗಿಲ ಕಡೆಯ ಗುಡ್ಡೆಯ ತುದಿಯಲ್ಲಿ ಹೂವಿಟ್ಟೆ. ಹಿರಿಯರು, "ಆಯ್ತಪ್ಪ, ಮಗು ಕೈಯಲ್ಲಿ ಬಂದಿದ್ದು ದೇವರ ಕೈಯಲ್ಲಿ ಬಂದಂಗೆ," ಎಂದು ಎದ್ದರು.

ವಾರದ ಮೇಲೆ ಅಪ್ಪ ಕೊಟ್ಟಿಗೆಯ ಮುಂದೆ ಹಾರೆ ನೆಟ್ಟು ಸುಲಿಯಲು ಶುರು ಮಾಡಿದ. ಹಾರೆಯ ಮೊನೆಗೆ ಕಾಯಿ ಬಡಿದು, ತಿರುವಿ, ಸಿಪ್ಪೆ ಕಿತ್ತು ಅವ್ವನ ಕಡೆ ಎಸೆಯುತ್ತಿದ್ದ. ಅವ್ವ ಮಚ್ಚಿನ ಹಿಂಬದಿಯಿಂದ ಸುತ್ತ ತಟ್ಟಿ ಚಿಪ್ಪು ಬಿಚ್ಚಿದಳು. ಕಪ್ಪನೆಯ ಲೋಳೆ ಅವಳ ಕೈಮೇಲೆ ಸುರಿಯಿತು. ಗಬ್ಬು ವಾಸನೆ. ಒಂದು ಇರ್ತದೆ ಬುಡು, ಎಂದ ಅಪ್ಪ. ಎರಡನೆಯದೂ ಹಾಗೇ. ನಾಲ್ಕನೆಯದು ಅರ್ಧ ಗಿಟುಕು, ಅರ್ಧ ಬೂಷ್ಟು. ಹತ್ತನೆಯದಕ್ಕೆ ಅಪ್ಪ ಹಾರೆಯ ಮುಂದೆ ಹಾಗೆಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ನಾನು ಓಡಿಹೋಗಿ ಗುಡ್ಡೆಯಿಂದ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದೆ. ಮಂಕು ಸದ್ದು. ಇನ್ನೊಂದು. ಮತ್ತೊಂದು. ಅಷ್ಟೂ ನನ್ನ ಕೈಯಾರೆ ಮೂಲೆಗೆ ಹಾಕಿದ ಕಾಯಿಗಳು. ಒಂದು ಕಾಯಿಯ ತೊಟ್ಟಿನ ಹತ್ತಿರ ಇಲಿ ಕಡಿದ ಗುರುತಿತ್ತು, ಅದು ನನಗೆ ಚೆನ್ನಾಗಿ ನೆನಪಿತ್ತು.

ಅವ್ವ ಕೈ ಒರೆಸಿಕೊಳ್ಳದೆ ನನ್ನನ್ನೇ ನೋಡಿದಳು.

"ನೀನು ಅಲ್ಲಾಡ್ಸಿ ನೋಡಿದ್ಯಾ?"

ಆಣೆಯಿತ್ತು. ಹೆದರಿಕೆಯೂ ಇತ್ತು. ಇನ್ನೂ ಒಳಗೆಲ್ಲೋ ದೊಡ್ಡವ್ವ ಬಂದು ಏನೋ ತಪ್ಪಾಯಿತು, ಗುಡ್ಡೆ ಅದಲುಬದಲಾಯಿತು ಎಂದು ಹೇಳಿ ಸರಿಮಾಡುತ್ತಾಳೆ ಎಂಬ ಆಸೆಯೂ ಇತ್ತು.

"ನೋಡ್ದೆ ಅವ್ವ."

ಅವ್ವ ಮಚ್ಚು ಎತ್ತಿಕೊಂಡು ಮುಂದಿನ ಕಾಯಿಗೆ ಕೈ ಹಾಕಿದಳು.

ಆವತ್ತೇ ಮಧ್ಯಾಹ್ನ ನಾನು ದೊಡ್ಡವ್ವನ ಅಡಿಗೆಮನೆಗೆ ಹೋದೆ. ಅವರೆಯ ಕೊನೆಯ ದಿನಗಳು. ಅವಳು ಹೊಸ್ತಿಲ ಮೇಲೆ ಕೂತು ಕಾಳು ಹಿತುಕುತ್ತಿದ್ದಳು. ಬೇರೆ ಯಾರೂ ಇರಲಿಲ್ಲ.

"ದೊಡ್ಡವ್ವ, ಬಾಗ್ಲು ಕಡೇದು ಒಳ್ಳೇದು ಅಂದಿದ್ದೆಯಲ್ಲ."

"ಏನು ಬಾಗ್ಲು ಕಡೇದು?"

"ಗುಡ್ಡೆ. ನಾವಿಬ್ರೂ ಅಟ್ಟದ ಮೇಲೆ ಆರಿಸಿದ್ವಲ್ಲ."

ಅವಳ ಬೆರಳು ನಿಲ್ಲಲಿಲ್ಲ. ಒಂದು ಬೇಳೆ ಪುಳಕ್ಕನೆ ಪಾತ್ರೆಗೆ ಬಿತ್ತು. ಇನ್ನೊಂದು ಬಿತ್ತು.

"ಈ ಮಂಡಿ ಇಟ್ಕಂಡು ನಾನ್ಯಾವಾಗ ಅಟ್ಟ ಹತ್ತಿದ್ನೇ ತಾಯಿ? ಕನಸುಗಿನಸು ಕಂಡ್ಯೇನೋ. ಬಾ, ಕೂತ್ಕ. ಒಂದು ಹಿಡಿ ಹಿತುಕು, ನಿಂಗೂ ಸಾರು ಕೊಡ್ತೀನಿ."

ಕೋಪವೂ ಇಲ್ಲ, ಹೆದರಿಕೆಯೂ ಇಲ್ಲ. ಯಾವತ್ತಿನ ಹಾಗೆಯೇ, ಯಾವತ್ತಿನ ಅದೇ ಅಕ್ಕರೆಯ ದನಿ. ಬೈದಿದ್ದರೆ ನಾನು ಅಳುತ್ತಿದ್ದೆ, ಓಡಿಹೋಗಿ ಅವ್ವನಿಗೆ ಎಲ್ಲ ಹೇಳುತ್ತಿದ್ದೆ. ಅವಳು ಪಕ್ಕದ ಜಾಗ ತಟ್ಟಿ ತೋರಿಸಿದಳು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನಾನು ಕೂತೆ. ಅವಳ ಮಂಡಿಗೆ ಮಂಡಿ ತಾಗಿಸಿಯೇ ಕೂತೆ. ಒಂದು ಹಿಡಿ ಕಾಳು ಹಿತುಕಿದೆ. ಅವತ್ತು ಒಂದು ಬೇಳೆಯೂ ಗೋಡೆಗೆ ಬಡಿಯಲಿಲ್ಲ. ಆಮೇಲೆ ಎದ್ದು ಕೈ ತೊಳೆದು ಬಂದವಳು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಸಾರಿನ ಘಮ ಸಂಜೆ ನಮ್ಮ ಕೊಟ್ಟಿಗೆಯವರೆಗೂ ಬಂತು.

ಆ ಮಳೆಗಾಲ ಗರಿಯ ಕೆಳಗೇ ಕಳೆಯಿತು. ಎಲ್ಲೆಲ್ಲಿ ಸೋರುತ್ತದೋ ಅಲ್ಲೆಲ್ಲ ಪಾತ್ರೆ ಇಟ್ಟು, ಪಾತ್ರೆ ಮುಗಿದ ಮೇಲೆ ಕರಟ ಇಟ್ಟು, ಅವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಒಣಗಿದ ಜಾಗ ಹುಡುಕುತ್ತಿದ್ದಳು. ತಮ್ಮ ಉಳಿದ, ಆದರೆ ಅವನ ಎದೆಯ ಸದ್ದು ಜೀವಮಾನಕ್ಕೂ ಹೋಗಲಿಲ್ಲ. ಈಗಲೂ ಅವನು ಫೋನಿನಲ್ಲಿ ಮಾತಾಡುವಾಗ ನಡುವೆ ಉಸಿರು ಎಳೆದುಕೊಳ್ಳುವುದು ನನಗೆ ಕೇಳುತ್ತದೆ. ಹಾಳು ಕಿವಿ, ಅದಕ್ಕೆ ಎಲ್ಲವೂ ಕೇಳುತ್ತದೆ. ಗೋಡೆಯಾಚೆ ದೊಡ್ಡಪ್ಪನ ಮನೆಯಲ್ಲಿ ಗಿಟುಕು ಚೀಲಕ್ಕೆ ತುಂಬುವ ಲೊಟಲೊಟ ಸದ್ದೂ ಹೀಗೆಯೇ ಕೇಳಿಸಿಕೊಂಡಿದ್ದೆ. ಅಪ್ಪ ಅಣ್ಣನನ್ನು ಒಂದು ಮಾತು ಕೇಳಲಿಲ್ಲ. ಮಗು ಹೂವಿಟ್ಟಿದೆ, ಏನೆಂದು ಕೇಳುವುದು? ನಮ್ಮ ಮನೆಯ ಮೇಲೆ ಹೆಂಚು ಬರಲು ಇನ್ನೂ ಮೂರು ವರ್ಷ ಬೇಕಾಯಿತು.

ಅವ್ವ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಊಟ ಬಡಿಸಿದಳು, ತಲೆ ಬಾಚಿದಳು, ಶಾಲೆಗೆ ಕಳಿಸಿದಳು, ಮದುವೆ ಮಾಡಿದಳು. ಒಂದು ಮಾತ್ರ ಮಾಡಲಿಲ್ಲ. ಮತ್ತೆ ಯಾವತ್ತೂ ನನ್ನ ಕೈಗೆ ಕಾಯಿ ಕೊಟ್ಟು ಅಲ್ಲಾಡಿಸಿ ನೋಡು ಎನ್ನಲಿಲ್ಲ. ನಾನಾಗಿ ಎತ್ತಿಕೊಂಡರೆ, "ಇಡು, ನಾನು ನೋಡ್ತೀನಿ," ಎನ್ನುತ್ತಿದ್ದಳು. ಅವಳಿಗೆ ಆ ಮಂಕು ಸದ್ದು ಕೇಳುತ್ತಿರಲಿಲ್ಲ. ಆದರೂ ಅವಳೇ ಕಿವಿಗೆ ಹಿಡಿದು ಅಲ್ಲಾಡಿಸಿ, ತಪ್ಪು ಆರಿಸಿ, ಕೊಳೆತದ್ದನ್ನು ಒಡೆದು ಎಸೆಯುತ್ತಿದ್ದಳು. ನನ್ನ ಕಿವಿ ಒಂದು ಸಲ ತಪ್ಪಿತು ಎಂದು ಅವ್ವ ತಿಳಿದಿದ್ದಾಳೆ, ಅದಕ್ಕೇ ನಂಬಿಕೆ ಹೋಗಿದೆ ಎಂದುಕೊಂಡು ನಾನು ಆ ತಪ್ಪನ್ನು ಹೊತ್ತುಕೊಂಡೇ ಬೆಳೆದೆ. ನಿಜ ಹೇಳಲು ಎಷ್ಟು ಸಲ ಬಾಯಿ ತೆರೆದೆನೋ. ಹೇಳಿದರೆ ದೊಡ್ಡವ್ವ ಅಟ್ಟವನ್ನೇ ಹತ್ತಿಲ್ಲ ಎನ್ನುತ್ತಾಳೆ, ಅವ್ವ ಯಾರನ್ನು ನಂಬುತ್ತಾಳೆ? ಹಾಗೆಂದುಕೊಂಡು ಮುಚ್ಚುತ್ತಿದ್ದೆ. ಆಮೇಲೆ ಸುಮ್ಮನಿರುವುದೇ ಅಭ್ಯಾಸವಾಯಿತು. ಅನುಮಾನವೂ ಅಭ್ಯಾಸವಾಯಿತು. ನನ್ನನ್ನು ನೋಡಲು ಬಂದ ಗಂಡನ್ನೂ, ಅತ್ತೆಯನ್ನೂ, ಹೊಸದಾಗಿ ಸಿಕ್ಕ ಗೆಳತಿಯರನ್ನೂ ಮನಸ್ಸಿನಲ್ಲೇ ಒಂದು ಸಲ ಅಲ್ಲಾಡಿಸಿ ಕೇಳಿದೆ. ನನಗೆ ಅಕ್ಕರೆಯಿಂದ ಮಾತಾಡುವವರನ್ನು ಕಂಡರೆ ಭಯ. ಗಂಡ ಎಷ್ಟೋ ವರ್ಷ, ನಿನಗೆ ನನ್ನ ಮೇಲೆ ಯಾಕೆ ಇಷ್ಟು ಅನುಮಾನ ಎಂದು ಕೇಳಿ ಕೇಳಿ ಸೋತ.

ಅವ್ವ ಕಣ್ಣಿನ ಆಪರೇಷನ್ನಿಗೆಂದು ತಿಪಟೂರಿನ ನಮ್ಮ ಮನೆಗೆ ಬಂದಿದ್ದಾಗಿನ ಮಾತು. ಹಿಂದಿನ ವಾರವಷ್ಟೇ ದೊಡ್ಡವ್ವ ತೀರಿಕೊಂಡ ಸುದ್ದಿ ಬಂದಿತ್ತು. ನಾವಿಬ್ಬರೂ ಹೋಗಿರಲಿಲ್ಲ. ಮಧ್ಯಾಹ್ನ ವರಾಂಡದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆವು. ಅವ್ವನ ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು. ಕೈಯಂದಾಜಿನಲ್ಲೇ ಸಿಪ್ಪೆ ಒಡೆಯುತ್ತಿದ್ದಳು. ಸುಮಾರು ಹೊತ್ತಾದ ಮೇಲೆ, ತಲೆ ಎತ್ತದೆ ಅಂದಳು:

"ಅವತ್ತು ನೀನು ಅಲ್ಲಾಡ್ಸಲಿಲ್ಲ."

ಯಾವತ್ತು ಎಂದು ನಾನು ಕೇಳಲಿಲ್ಲ.

"ನಾನು ಕಂಬದ ಹತ್ರ ನಿಂತು ನೋಡ್ತಾನೇ ಇದ್ದೆ. ನೀನು ಬಗ್ಗಿದೆ. ಅವಳ ಮುಖ ನೋಡ್ದೆ. ಕೈ ಹಿಂದಕ್ಕೆ ತಗಂಡೆ. ಆಮೇಲೆ ನೋಡ್ದೆ ಅಂತ ಸುಳ್ಳು ಹೇಳ್ದೆ. ಹೋಗ್ಲಿ, ಎತ್ತಿ ಆಡ್ಸಿದವಳ ಮಗಳೇ ಆಗೋದ್ಲು ಅಂದ್ಕೊಂಡೆ."

ನನ್ನ ಕೈಯಲ್ಲಿದ್ದ ಕಡಲೆಕಾಯಿ ಅಲ್ಲೇ ಉಳಿಯಿತು. ಇಷ್ಟು ವರ್ಷ ಅವಳು ನಂಬದೆ ಇದ್ದದ್ದು ನನ್ನ ಕಿವಿಯನ್ನಲ್ಲ, ನನ್ನನ್ನು. ಅಟ್ಟ, ಮೂರು ಮಧ್ಯಾಹ್ನ, ದೀಪದ ಆಣೆ, ಹೆಂಚು ಬರಬೇಡವೆ ಎಂದ ಮಾತು, ಕಣ್ಣಲ್ಲಿ ತೋರಿಸಿದ ಬಾಗಿಲು, ಹೊಸ್ತಿಲ ಮೇಲೆ ಹಿತುಕಿದ ಒಂದು ಹಿಡಿ ಕಾಳು, ಎಲ್ಲವನ್ನೂ ಹಿಂದುಮುಂದಾಗಿ, ಅಳುತ್ತ, ಮೂಗು ಒರೆಸಿಕೊಳ್ಳುತ್ತ ಹೇಳಿದೆ. ಅರವತ್ತರ ಹತ್ತಿರದ ಹೆಂಗಸು ಒಂಬತ್ತು ವರ್ಷದವಳ ಹಾಗೆ ಅತ್ತೆ. ಅವ್ವ ಮೊರದಲ್ಲಿದ್ದ ಸಿಪ್ಪೆಯನ್ನು ಒಂದು ಕಡೆಗೆ ಬಳಿದಳು. ಬೀಜಗಳನ್ನು ಇನ್ನೊಂದು ಕಡೆಗೆ ಕೂಡಿಸಿದಳು.

"ಅವಳು ಅಂದಿದ್ದನ್ನ ನಂಬಿಬುಟ್ಯಾ?"

"ನಂಬಿದ್ದೆ ಅವ್ವ."

ಅವ್ವ ಬಟ್ಟೆ ಕಟ್ಟದ ಕಣ್ಣಿನಿಂದ ನನ್ನ ಕಡೆ ತಿರುಗಿದಳು.

"ನಾನೂ ನಂಬಿದ್ದೆ," ಎಂದಳು. "ನಿನ್ನ."